ಪಿಎಸ್4ಗೆ ಹಳೇ ಆರ್ಕೇಡ್ ಕಲೆಕ್ಷನ್ ತಗೊಂಡೆ, ಮುಸ್ತಫಾನೇ ಇಲ್ವಲ್ಲ ಗುರು!

ಚಿಲ್ಲರೆ_ಇಲ್ಲ:
ದಸರಾ ರಜೆಗೆ ಅಕ್ಕನ ಮಗ ಬಂದಿದಾನೆ, ಏಳನೇ ಕ್ಲಾಸು, ಬೆಳಗ್ಗೆ ಎದ್ರೆ ಮೊಬೈಲಲ್ಲಿ ಗುಂಡು ಹಾರಿಸೋದೇ ಕೆಲ್ಸ. ನಾವು ಆಡ್ತಿದ್ದಿದ್ದು ಏನು ಅಂತ ತೋರ್ಸೋಣ ಅಂತ ಪಿಎಸ್4ನಲ್ಲಿ ಕ್ಯಾಪ್ಕಾಂ ಕಂಪ್ನಿಯ ಆರ್ಕೇಡ್ ಸ್ಟೇಡಿಯಂ ಇಳಿಸ್ದೆ, ಕಾಯಿನ್ ಹಾಕಿ ಆಡ್ತಿದ್ದ ಅವ್ರ ಹಳೇ ಗೇಮ್‌ಗಳ ಕಲೆಕ್ಷನ್ನು, ಪ್ಯಾಕ್‌ಗಳನ್ನೂ ತಗೊಂಡೆ, ಎಲ್ಲಾ ಸೇರಿ 32 ಗೇಮು, 1984ರಿಂದ 2001ರ ತನಕದ್ದು. ಲಿಸ್ಟ್ ಮೇಲಿಂದ ಕೆಳಗೆ ಎರಡ್ ಸಲ ನೋಡ್ದೆ. ಫೈನಲ್ ಫೈಟ್ ಇದೆ, ಕ್ಯಾಪ್ಟನ್ ಕಮಾಂಡೊ ಇದೆ, ಸ್ಟ್ರೀಟ್ ಫೈಟರ್ 2 ಇದೆ, ಮುಸ್ತಫಾ ಗೇಮ್ ಮಾತ್ರ ಇಲ್ಲ! ಹಳದಿ ಟೋಪಿ ಹಾಕ್ಕೊಂಡು ಓಡ್ಬಂದು ಗಾಳೀಲಿ ಒದೀತಿದ್ನಲ್ಲ ಅವ್ನು. ಮೂರನೇ ಸ್ಟೇಜಲ್ಲಿ ಕಾರ್ ಓಡಿಸೋದು. ಅದಕ್ಕೋಸ್ಕರಾನೇ ದುಡ್ಡು ಹಾಕಿದ್ದು ನಾನು.

ಇನ್ನೊಂದ್ ಬೇಜಾರಿದೆ. ಸರಿ ಮುಸ್ತಫಾ ಇಲ್ದಿದ್ರೆ ಏನಾಯ್ತು ಅಂತ ಹುಡ್ಗಂಗೆ ಫೈನಲ್ ಫೈಟ್ ಹಾಕ್ಕೊಟ್ಟೆ. ಸಾಯೋದು, ಕಾಯಿನ್ ಬಟನ್ ಒತ್ತೋದು, ಎದ್ದು ನಾಕ್ ಹೊಡೆಯೋದು, ಮತ್ತೆ ಸಾಯೋದು, ಮತ್ತೆ ಒತ್ತೋದು. ಊಟಕ್ಕೆ ಕರೆಯೋಷ್ಟ್ರಲ್ಲಿ ಗೇಮೇ ಮುಗಿಸಿ "ಇಷ್ಟೇನಾ ಮಾವ?" ಅಂದ. ನಾನು ರಾಜಾಜಿನಗರದಲ್ಲಿ ನಮ್ ಸ್ಕೂಲ್ ಹಿಂದಿನ ಗ್ಯಾರೇಜಲ್ಲಿ ಆ ಗೇಮಿನ ಮೂರನೇ ಸ್ಟೇಜ್ ದಾಟೋಕೆ ಇಡೀ ಬೇಸಿಗೆ ರಜೆ ಕಳ್ದಿದ್ದೆ ಕಣ್ರೀ.

ಯಾವ ಕಲೆಕ್ಷನ್‌ನಲ್ಲಿ ಮುಸ್ತಫಾ ಸಿಗುತ್ತೆ ಹೇಳಿ, ಪುಣ್ಯ ಕಟ್ಕೊಳ್ಳಿ.

ಸಿಗ್ನಲ್_ಜಂಪ್:
ಕ್ಯಾಪ್ಕಾಂದೇ ಬೀಟ್ ಎಮ್ ಅಪ್ ಬಂಡಲ್ ಅಂತ ಹೊಡೆದಾಟದ ಗೇಮ್‌ಗಳ ಕಲೆಕ್ಷನ್ ಇದೆ ಬಾಸ್, ಅದ್ರಲ್ಲಿ ಇದೆ ಅನ್ಸುತ್ತೆ. ಪಿಎಸ್4ಗೂ ಬರುತ್ತೆ.

ಹನ್ನೊಂದನೇ_ಕ್ರಾಸ್:
ಇಲ್ಲ ಮಗಾ, ಅದ್ರಲ್ಲೂ ಇಲ್ಲ, ಸುಮ್ನೆ ಅವ್ರ ದುಡ್ಡು ಕಳೀಬೇಡ. 2018ರಲ್ಲಿ ಬಂದ ಆ ಬಂಡಲ್‌ನಲ್ಲಿ ಇರೋದು ಏಳೇ: ಫೈನಲ್ ಫೈಟ್, ಕಿಂಗ್ ಆಫ್ ಡ್ರ್ಯಾಗನ್ಸ್, ಕ್ಯಾಪ್ಟನ್ ಕಮಾಂಡೊ, ನೈಟ್ಸ್ ಆಫ್ ದ ರೌಂಡ್, ವಾರಿಯರ್ಸ್ ಆಫ್ ಫೇಟ್, ಆರ್ಮರ್ಡ್ ವಾರಿಯರ್ಸ್, ಬ್ಯಾಟಲ್ ಸರ್ಕ್ಯೂಟ್. ಕೊನೇ ಎರಡು ಅದಕ್ಕೂ ಮುಂಚೆ ಯಾವ ಕನ್ಸೋಲ್‌ಗೂ ಬಂದಿರ್ಲಿಲ್ಲ, ಅದಕ್ಕಾದ್ರೂ ತಗೋಬೋದು.

ಚಿಲ್ಲರೆ ಅವ್ರೇ, ಮುಸ್ತಫಾದು ಅಸಲಿ ಹೆಸರು ಕ್ಯಾಡಿಲಾಕ್ಸ್ ಅಂಡ್ ಡೈನೊಸಾರ್ಸ್, 1993. ಮುಸ್ತಫಾ ಅನ್ನೋದು ನಾಲ್ಕು ಹೀರೋಗಳಲ್ಲಿ ಒಬ್ಬನ ಹೆಸರಷ್ಟೇ, ಆದ್ರೆ ನಮ್ಮೂರಲ್ಲಿ ಯಾರು ಅಷ್ಟುದ್ದ ಹೆಸರು ಹೇಳ್ತಾರೆ. ತೊಂದ್ರೆ ಏನಪ್ಪ ಅಂದ್ರೆ ಮೂಲ ಕಥೆ, ಮುಖ್ಯ ಪಾತ್ರಗಳು ಕ್ಯಾಪ್ಕಾಂದಲ್ಲ, ಮಾರ್ಕ್ ಶುಲ್ಟ್ಜ್ ಅನ್ನೋರ ಕಾಮಿಕ್ಸಿಂದ ತಗೊಂಡಿದ್ದು. ಹೆಸರಲ್ಲಿರೋ ಕ್ಯಾಡಿಲಾಕ್ ಬೇರೆ ಜನರಲ್ ಮೋಟಾರ್ಸ್ ಬ್ರ್ಯಾಂಡು. ಇಷ್ಟು ಜನರ ಹತ್ರ ಮತ್ತೆ ಸೈನ್ ಹಾಕಿಸ್ಕೊಂಡು ಬರ್ಬೇಕು ಮೂವತ್ತು ವರ್ಷದ ಹಿಂದಿನ ಗೇಮಿಗೆ. ಕೋರ್ಟ್ ಕಟ್ಲೆ ಇರೋ ಸೈಟ್ ತರ, ಎಲ್ರಿಗೂ ಇಷ್ಟ, ಯಾರಿಗೂ ಖಾತೆ ಆಗಲ್ಲ.

ಚಿಲ್ಲರೆ_ಇಲ್ಲ:
ಅಯ್ಯೋ. ಅಂದ್ರೆ ಬರೋದೇ ಇಲ್ವಾ?

ಹನ್ನೊಂದನೇ_ಕ್ರಾಸ್:
ಪೂರ್ತಿ ಆಸೆ ಬಿಡ್ಬೇಡಿ. ಅದೇ ವರ್ಷದ್ದು ಪನಿಷರ್ ಅಂತ ಇನ್ನೊಂದು ಹೊಡೆದಾಟದ ಗೇಮ್ ಇತ್ತಲ್ಲ, ಅದೂ ಲೈಸೆನ್ಸ್ ಗೇಮೇ, ಮಾರ್ವೆಲ್‌ದು. ಅದ್ರ ಆರ್ಕೇಡ್ ವರ್ಷನ್ ಕನ್ಸೋಲ್‌ಗೆ ಬಂದಿದ್ದು 2024ರಲ್ಲಿ, ಮಾರ್ವೆಲ್ ವರ್ಸಸ್ ಕ್ಯಾಪ್ಕಾಂ ಫೈಟಿಂಗ್ ಕಲೆಕ್ಷನ್ ಜೊತೆ. ಮೂವತ್ತೊಂದು ವರ್ಷ ಆದ್ಮೇಲೆ! ಅದೇ ಕಲೆಕ್ಷನ್‌ನಲ್ಲಿರೋ ಮಾರ್ವೆಲ್ ವರ್ಸಸ್ ಕ್ಯಾಪ್ಕಾಂ 2 ಕಥೆ ಇನ್ನೂ ಮಜಾ. 2009ರಲ್ಲಿ ಡಿಜಿಟಲ್ ಸ್ಟೋರಿಗೆ ಬಂತು, 2013ರಲ್ಲಿ ಲೈಸೆನ್ಸ್ ಮುಗೀತು ಅಂತ ಎತ್ತಿಬಿಟ್ರು, ಹತ್ತು ವರ್ಷ ಕಾಸು ಕೊಡ್ತೀನಿ ಅಂದ್ರೂ ಸಿಗ್ತಿರ್ಲಿಲ್ಲ. ಅದಕ್ಕೇ ನಾನ್ ಹೇಳೋದು, ಬೇರೆಯವ್ರ ಪಾತ್ರ ಇರೋ ಗೇಮ್ ಯಾವ್ದಾದ್ರೂ ಸೇಲಲ್ಲಿ ಕಂಡ್ರೆ ಆಮೇಲ್ ತಗೊಂಡ್ರಾಯ್ತು ಅಂತ ಕೂರ್ಬೇಡಿ.

ಸೋಲ್ಡರ್_ಹೊಗೆ:
ಮುಸ್ತಫಾ ಹೆಸರು ಕೇಳಿ ಲಾಗಿನ್ ಆದೆ. ತೊಂಬತ್ತರ ದಶಕದ ಕೊನೇಲಿ ನಾನು ಡಿಪ್ಲೊಮಾ ಮಾಡ್ತಾ ಸಂಜೆ ಹೊತ್ತು ಈ ಗೇಮ್ ಡಬ್ಬಗಳ ಒಳಗಿನ ಬೋರ್ಡ್‌ಗಳನ್ನ ರಿಪೇರಿ ಮಾಡ್ತಿದ್ದೆ, ಪಾರ್ಟ್ಸ್ ಎಲ್ಲ ಎಸ್.ಪಿ. ರೋಡಿಂದ. ಡಬ್ಬ ಯಾವ್ದೇ ಇರ್ಲಿ, ಒಳಗಡೆ ಕನೆಕ್ಟರ್ ಒಂದೇ ತರ, ಜಾಮಾ ಅಂತ, ಜಪಾನಿನೋರು 1985ರಲ್ಲಿ ಮಾಡ್ಕೊಂಡ ಸ್ಟ್ಯಾಂಡರ್ಡು, 56 ಪಿನ್ನು. ಕರೆಂಟು, ಪಿಕ್ಚರು, ಸೌಂಡು, ಬಟನ್ನು ಎಲ್ಲಾ ಅದ್ರಲ್ಲೇ. ಬೆಳಗ್ಗೆ ಮುಸ್ತಫಾ ಇದ್ದ ಡಬ್ಬದಲ್ಲಿ ಸಂಜೆ ಮೆಟಲ್ ಸ್ಲಗ್ ಇರ್ತಿತ್ತು ಅಂದ್ರೆ ಹಿಂದೆ ಬಾಗ್ಲು ತೆಗ್ದು ಬೋರ್ಡ್ ಬದ್ಲಾಯ್ಸಿದಾರೆ ಅಷ್ಟೇ.

ಮುಸ್ತಫಾ ಬೋರ್ಡಲ್ಲಿ ಒಂದು ಬ್ಯಾಟರಿ ಇರ್ತಿತ್ತು. ಗಡಿಯಾರಕ್ಕೋ ಸ್ಕೋರಿಗೋ ಅಲ್ಲ. ಪ್ರೋಗ್ರಾಂನ ಒಂದ್ ಭಾಗಾನ ಲಾಕ್ ಮಾಡಿ ಅದ್ರ ಕೀನ ಆ ಬ್ಯಾಟರಿ ಹಿಡ್ಕೊಂಡಿರೋ ಮೆಮೊರೀಲಿ ಇಟ್ಟಿದ್ರು, ಯಾರೂ ಕಾಪಿ ಹೊಡೀಬಾರ್ದು ಅಂತ. ಬ್ಯಾಟರಿ ಸತ್ರೆ ಕೀ ಹೋಯ್ತು, ಬೋರ್ಡೇ ಹೋಯ್ತು. ಸುಯಿಸೈಡ್ ಬ್ಯಾಟರಿ ಅಂತಾನೇ ಅದಕ್ಕೆ ಹೆಸ್ರು. ಕ್ಯಾಪ್ಕಾಂದೇ ಸಿಪಿಎಸ್2 ಅನ್ನೋ ಬೋರ್ಡ್‌ಗಳಲ್ಲೂ ಇದೇ ಕಥೆ. ಒಬ್ಬ ಓನರ್ರು ಅಳೋದೊಂದ್ ಬಾಕಿ, "ಸಾರ್ ಒಂದ್ ವೈರೂ ಸುಟ್ಟಿಲ್ಲ, ಹೆಂಗ್ ಸಾರ್ ಹೋಗುತ್ತೆ" ಅಂತ. ಏನಂತ ಹೇಳ್ಲಿ. ಆಮೇಲೆ ಆ ಲಾಕ್ ಮುರಿದ್ರು ಬಿಡಿ, ಈಗ ಸತ್ತ ಬೋರ್ಡನ್ನೂ ಎಬ್ಬಿಸ್ಬೋದು. ಆದ್ರೆ ಇದನ್ನೆಲ್ಲ ಕಣ್ಣಲ್ಲಿ ನೋಡಿದೋನಿಗೆ ಕಲೆಕ್ಷನ್ ಅಂದ್ರೆ ಬರೀ ದುಡ್ಡು ಮಾಡೋ ಐಡಿಯಾ ಅನ್ಸಲ್ಲ. ಹಾರ್ಡ್‌ವೇರ್ ಅಂತೂ ಉಳಿಯಲ್ಲ, ಗೇಮಾದ್ರೂ ಉಳೀಲಿ.

ಕಡ್ಲೆಪುರಿ:
ಸೋಲ್ಡರ್ ಅಣ್ಣ, ಒಂದ್ ಡೌಟು ಇಪ್ಪತ್ತೈದು ವರ್ಷದಿಂದ ಇದೆ. ಗ್ಯಾಸ್ ಲೈಟರ್ ತಗೊಂಡ್ ಹೋಗಿ ಕಾಯಿನ್ ಹಾಕೋ ಜಾಗದ ಹತ್ರ ಟಕ್ ಅನ್ಸಿದ್ರೆ ಕ್ರೆಡಿಟ್ ಏರ್ತಿತ್ತಲ್ಲ, ಅದು ನಿಜಾನೇನಾ ಇಲ್ಲ ನಮ್ ಹುಡ್ಗ್ರು ಬಿಡ್ತಿದ್ದ ಡವ್ವಾ?

ಸೋಲ್ಡರ್_ಹೊಗೆ:
ನಿಜ ಕಣಪ್ಪ, ನಿಮ್ಮಂಥೋರಿಂದಾನೇ ನಮ್ ಹೊಟ್ಟೆ ತುಂಬ್ತಿದ್ದಿದ್ದು. ಕಾಯಿನ್ ಬಿದ್ದಾಗ ಒಂದ್ ಪುಟ್ಟ ಸ್ವಿಚ್ ತಂತಿಗೆ ಬಡೀತದೆ, ಆ ಲೈನ್ ಗ್ರೌಂಡಿಗೆ ಹೋಗುತ್ತೆ, ಬೋರ್ಡಿಗೆ ಗೊತ್ತಾಗೋದು ಅಷ್ಟೇ, ಬಿದ್ದಿದ್ದು ರೂಪಾಯಿನೋ ವಾಷರ್ರೋ ಅದಕ್ಕೇನ್ ಗೊತ್ತು. ಲೈಟರ್ ಕಿಡಿ ಅಂದ್ರೆ ಸಾವಿರಾರು ವೋಲ್ಟು, ಪಕ್ಕದ ವೈರಲ್ಲಿ ಒಂದ್ ಕ್ಷಣ ಗಲಾಟೆ ಎಬ್ಬಿಸುತ್ತೆ, ಬೋರ್ಡು ಕಾಯಿನ್ ಬಿತ್ತು ಅಂದ್ಕೊಳ್ಳುತ್ತೆ. ನಸೀಬು ಕೆಟ್ರೆ ಗೇಮೇ ರೀಸೆಟ್ ಆಗಿ ಆಡ್ತಿದ್ದ ದೊಡ್ಡ ಹುಡ್ಗನ ಕೈಲಿ ಒದೆ. ನಾವು ಕಾಯಿನ್ ಲೈನಿಗೆ ಒಂದ್ ಕೆಪಾಸಿಟರ್ ಹಾಕಿ, ಮುಂದಿನ ತಗಡಿಗೆ ಅರ್ಥಿಂಗ್ ಕೊಟ್ಟು ಸರಿ ಮಾಡ್ತಿದ್ವಿ.

ಕಡ್ಲೆಪುರಿ:
ನಮ್ಮಮ್ಮ ಸ್ಟವ್ ಮುಂದೆ ನಿಂತ್ಕೊಂಡು "ಲೈಟರ್ ಎಲ್ಲೋ" ಅಂತ ಕೂಗೋದು ಈಗ್ಲೂ ಕಿವೀಲಿದೆ 😂

ಸಿಗ್ನಲ್_ಜಂಪ್:
ಬಂಡಲ್ ವಿಷ್ಯದಲ್ಲಿ ತಪ್ಪ್ ಹೇಳ್ದೆ, ಸಾರಿ. ಆದ್ರೂ ಒಂದ್ ಕೇಳ್ತೀನಿ, ಇಷ್ಟೆಲ್ಲ ತಲೆನೋವು ಯಾಕೆ? ಮೇಮ್ ಅಂತ ಎಮ್ಯುಲೇಟರ್ ಇದೆ, ಹಳೇ ಬೋರ್ಡ್ ತರಾನೇ ಕೆಲ್ಸ ಮಾಡೋ ಸಾಫ್ಟ್‌ವೇರು, ಲ್ಯಾಪ್‌ಟಾಪಿಗೆ ಹಾಕು, ಮುಸ್ತಫಾನೂ ಆಡು, ಮುಸ್ತಫಾನ ತಾತಾನೂ ಆಡು. ಕಂಪ್ನಿಯವ್ರು ಕೊಡಲ್ಲ ಅಂದ್ರೆ ಜನ ಏನ್ ಮಾಡ್ಬೇಕು.

ಹನ್ನೊಂದನೇ_ಕ್ರಾಸ್:
ಮೇಮ್ ಬಗ್ಗೆ ನನಗೂ ಮರ್ಯಾದೆ ಇದೆ, 1997ರಿಂದ ಊರೋರೆಲ್ಲ ಸೇರಿ ಕಟ್ಟಿರೋ ಕೆಲ್ಸ ಅದು, ಗೇಮ್ ಆಡ್ಸೋಕಿಂತ ಬೋರ್ಡ್ ಹೆಂಗ್ ಕೆಲ್ಸ ಮಾಡ್ತಿತ್ತು ಅಂತ ದಾಖಲೆ ಇಡೋದೇ ಅವ್ರ ಮೊದಲ ಉದ್ದೇಶ. ಆದ್ರೆ ಎಮ್ಯುಲೇಟರ್ ಬೇರೆ, ರಾಮ್ (ROM) ಫೈಲ್, ಅಂದ್ರೆ ಬೋರ್ಡಿಂದ ತೆಗ್ದ ಗೇಮು, ಬೇರೆ. ರಾಮಿಗೆ ಓನರ್ ಇದಾರೆ. ನೀನ್ ದುಡ್ಡು ಕೊಟ್ಟು ತಗೊಳೋ ಕಲೆಕ್ಷನ್ ಒಳಗೂ ಎಮ್ಯುಲೇಟರೇ ಓಡೋದು, ವ್ಯತ್ಯಾಸ ಏನಂದ್ರೆ ಯಾರೋ ಕೂತು ಆ ಗೇಮಿಗೆ ಅಂತಾನೇ ಟೆಸ್ಟ್ ಮಾಡಿರ್ತಾರೆ. ಕೆಲವ್ರು ಸರಿಯಾಗ್ ಮಾಡ್ತಾರೆ, ಕೆಲವ್ರು ಬೇಕಾಬಿಟ್ಟಿ. 2018ರಲ್ಲಿ ಪ್ಲೇಸ್ಟೇಷನ್ ಕ್ಲಾಸಿಕ್ ಬಂತಲ್ಲ ಪುಟ್ಟ ಡಬ್ಬಿ, 20 ಗೇಮು, ಅದ್ರಲ್ಲಿ ಟೆಕ್ಕನ್ 3 ಹಾಕಿದ್ದು ಯುರೋಪಿನ ಟಿವಿಗೆ ಅಂತ ಮಾಡಿದ್ದ ಪಾಲ್ ವರ್ಷನ್ನು, ಚಿತ್ರ ಸೆಕೆಂಡಿಗೆ 60 ಸಲದ ಬದ್ಲು 50 ಸಲ ಬದ್ಲಾಗೋದು. ಫೈಟಿಂಗ್ ಗೇಮಲ್ಲಿ! ಹಳೇ ಸ್ಕೂಟರ್ ಮೇಲೆ ಫ್ಲೈಓವರ್ ಹತ್ತಿದಂಗೆ.

ಚಿಲ್ಲರೆ_ಇಲ್ಲ:
ಸ್ಪೀಡ್ ಅಂದಿದ್ದಕ್ಕೆ ನೆನಪಾಯ್ತು. ನಮ್ ಟಿವೀಲಿ ಬಟನ್ ಒತ್ತಿದ್ಮೇಲೆ ಲೈಟಾಗಿ ತಡ ಆಗಿ ಹೊಡೀತಾನೆ ಫೈನಲ್ ಫೈಟ್ ಹೀರೋ ಹ್ಯಾಗರ್. ನನಗ್ ವಯಸ್ಸಾಯ್ತಾ ಇಲ್ಲ ಟಿವಿಗಾ? ಮತ್ತೆ ಎಲ್ರೂ ದಪ್ಪ ದಪ್ಪ ಕಾಣ್ತಾರೆ, ಮುಖ ಎಲ್ಲಾ ತಟ್ಟೆ ಇಡ್ಲಿ ತರ.

ಹನ್ನೊಂದನೇ_ಕ್ರಾಸ್:
ಎರಡಕ್ಕೂ ಸೆಟ್ಟಿಂಗ್ಸ್ ಇದೆ. ಟಿವೀಲಿ ಗೇಮ್ ಮೋಡ್ ಆನ್ ಮಾಡಿ ಮೊದ್ಲು. ಪಿಕ್ಚರ್ ಚೆನ್ನಾಗಿ ಕಾಣ್ಲಿ ಅಂತ ಟಿವಿ ಮಾಡೋ ಮೇಕಪ್ಪಿಗೇ ಟೈಮ್ ಹೋಗೋದು. ಒಂದ್ ಫ್ರೇಮ್, ಅಂದ್ರೆ ಪರದೆ ಮೇಲೆ ಬರೋ ಒಂದ್ ಚಿತ್ರ, ಹತ್ತಿರ ಹತ್ತಿರ 17 ಮಿಲಿಸೆಕೆಂಡ್, ಐದ್ ಫ್ರೇಮ್ ತಡ ಆದ್ರೆ 80ರ ಮೇಲಾಯ್ತು, ಅಷ್ಟ್ರಲ್ಲಿ ಎದುರಾಳಿ ಬಂದು ಬಾರಿಸಿರ್ತಾನೆ. ಹಳೇ ಪಿಕ್ಚರ್ ಟ್ಯೂಬಲ್ಲಿ ಈ ರಗಳೇನೇ ಇರ್ಲಿಲ್ಲ.

ಇಡ್ಲಿ ಮುಖಕ್ಕೆ ಕಾರಣ, ನೀವು ಫುಲ್ ಸ್ಕ್ರೀನ್ ಹಾಕಿದೀರ. ಕ್ಯಾಪ್ಕಾಂ ಬೋರ್ಡುಗಳ ಚಿತ್ರ ಅಡ್ಡಕ್ಕೆ 384, ಉದ್ದಕ್ಕೆ 224 ಚುಕ್ಕಿ, ಅದನ್ನ 4:3 ಟ್ಯೂಬಿಗೆ ಒತ್ತಿ ಕೂರಿಸ್ತಿದ್ರು, ಚಿತ್ರ ಬರೆದೋರೂ ಅದನ್ನ ಲೆಕ್ಕ ಇಟ್ಕೊಂಡೇ ಬರೆದಿದ್ದು. 4:3ಕ್ಕೆ ಬದ್ಲಾಯ್ಸಿ, ಎರಡೂ ಕಡೆ ಕಪ್ಪು ಪಟ್ಟಿ ಬರುತ್ತೆ, ಬರ್ಲಿ ಬಿಡಿ. 1943 ತರದ ವಿಮಾನದ ಗೇಮ್‌ಗಳು ಮೂಲದಲ್ಲೇ ಉದ್ದುದ್ದ ಸ್ಕ್ರೀನು, ಅದಕ್ಕೆ ಟಿವಿ ನಡುವೆ ಸಣ್ಣದಾಗಿ ಕಾಣುತ್ತೆ. ನಾನು ಹಳೇ ಮಾನಿಟರ್ ಒಂದನ್ನ ಲಂಬಕ್ಕೆ ತಿರುಗಿಸಿ ಇಟ್ಕೊಂಡಿದೀನಿ, ಹೆಂಡ್ತಿ ನೋಡಿ ಏನೂ ಹೇಳ್ಲಿಲ್ಲ, ಅದೇ ಭಯ.

ಕಡ್ಲೆಪುರಿ:
ಮೆಟಲ್ ಸ್ಲಗ್ 2ನಲ್ಲೂ ಜಾಸ್ತಿ ಜನ ಬಂದಾಗ ಸ್ಲೋ ಮೋಷನ್ ಆಗುತ್ತಲ್ಲ, ಅದಕ್ಕೆ ಯಾವ ಸೆಟ್ಟಿಂಗು?

ಹನ್ನೊಂದನೇ_ಕ್ರಾಸ್:
ಅದಕ್ಕಿಲ್ಲ, ಅದು ಅಸಲಿ ಗೇಮೇ ಹಂಗೆ, ಸರಿಯಾಗಿ ಎಮ್ಯುಲೇಟ್ ಮಾಡಿದ್ರೆ ಸ್ಲೋನೂ ಸರಿಯಾಗ್ ಬರುತ್ತೆ. ಆ ಗೇಮಿನ ಕಂಪ್ನಿ ಎಸ್ಎನ್‌ಕೆಯವ್ರೇ 1999ರಲ್ಲಿ ಮೆಟಲ್ ಸ್ಲಗ್ ಎಕ್ಸ್ ಅಂತ ಅದನ್ನ ತಿದ್ದಿ ಬಿಟ್ರು, ಅದನ್ನ ಆಡು.

ಮೂರನೇ_ಪ್ಲೇಯರ್:
ಇಷ್ಟೊತ್ತು ಸುಮ್ನೆ ಓದ್ತಿದ್ದೆ. ನಿಮ್ಮೆಲ್ರ ಗ್ಯಾರೇಜು, ಲೈಟರ್ರು, ಬೇಸಿಗೆ ರಜೆ ಕಥೆ ಚೆನ್ನಾಗಿದೆ, ಆದ್ರೆ ಅಲ್ಲಿ ಒಬ್ಳು ಹುಡ್ಗೀನಾದ್ರೂ ಕಂಡಿದ್ರಾ ಹೇಳಿ. ನಾನು ಬೆಳೆದಿದ್ದು ಶ್ರೀರಾಮಪುರದಲ್ಲಿ. ನಮ್ ಬೀದಿ ಕೊನೇಲೂ ಒಂದಿತ್ತು, ಅರ್ಧ ಶಟರ್ ಇಳ್ಸಿರೋರು, ಒಳಗೆ ಕತ್ಲು, ಬಾಗ್ಲಲ್ಲಿ ದೊಡ್ಡ ಹುಡ್ಗ್ರು ನಿಂತಿರೋರು. ಅಣ್ಣಂಗೆ ಊಟಕ್ಕೆ ಕರೆಯೋಕೆ ಅಮ್ಮ ಕಳ್ಸಿದಾಗ ಶಟರ್ ಹೊರಗೆ ನಿಂತು ಬಗ್ಗಿ ನೋಡ್ತಿದ್ದೆ, ಕಾಣ್ತಿದ್ದಿದ್ದು ಕಾಲುಗಳು ಮತ್ತೆ ನೆಲದ ಮೇಲೆ ಬಣ್ಣ ಬಣ್ಣದ ಬೆಳಕು. ಸೌಂಡ್ ಮಾತ್ರ ಪೂರ್ತಿ ಕೇಳ್ತಿತ್ತು. ಯಾವ ಗೇಮು ಅಂತಾನೂ ಗೊತ್ತಿರ್ಲಿಲ್ಲ ಆಗ.

2022ರಲ್ಲಿ ನಿಂಜಾ ಟರ್ಟಲ್ಸ್ ಕೌಬುಂಗಾ ಕಲೆಕ್ಷನ್ ಬಂತಲ್ಲ, 13 ಗೇಮ್‌ದು, ಅದನ್ನ ಆಫೀಸಿನ ಫ್ರೆಂಡ್ ಮನೇಲಿ ಆಡ್ದೆ. ಶುರುವಾದ ಹತ್ತೇ ನಿಮಿಷಕ್ಕೆ ಆರ್ಕೇಡ್ ಗೇಮಿನ ಸೌಂಡ್ ಕೇಳಿ ಮೈ ಜುಂ ಅಂತು, ಇದೇ ಅದು, ಶಟರ್ ಕೆಳಗಿಂದ ಕೇಳ್ತಿದ್ದಿದ್ದು. ಮೂವತ್ತೆಂಟನೇ ವಯಸ್ಸಲ್ಲಿ ಆ ಗೇಮಿನ ಚಿತ್ರ ನೋಡ್ದೆ ನಾನು. ಅದಕ್ಕೇ ಚಿಲ್ಲರೆ ಅವ್ರೇ, ಫ್ರೀ ಕಾಯಿನ್ ಮಜಾ ಕೊಡಲ್ಲ ಅಂತೀರಲ್ಲ, ನನಗೆ ಕೊಡ್ತು. ನೀವು ಒಂದೊಂದ್ ರೂಪಾಯಿ ಹಾಕಿ ವರ್ಷಗಟ್ಲೆ ಕಲ್ತಿದ್ದನ್ನ ನಾನ್ ಯಾವಾಗ ಕಲೀಲಿ? ರಿವೈಂಡ್ ಬಟನ್ ಇದೆ, ಬಿದ್ದ ಜಾಗಕ್ಕೆ ಹತ್ತ್ ಸಲ ವಾಪಸ್ ಹೋಗಿ ಕಲ್ತೆ. ನನ್ ಪಿಂಕಿ ಬಾಸ್ ಅದಕ್ಕೆ ನಾಚ್ಕೋಬೇಕಾ?

ಚಿಲ್ಲರೆ_ಇಲ್ಲ:
ಇಲ್ಲ ಮೇಡಂ, ಖಂಡಿತ ನಾಚ್ಕೋಬಾರ್ದು. ನಿಜ ಹೇಳ್ಬೇಕಂದ್ರೆ ನಮ್ಮಕ್ಕನೂ ಹಂಗೇ ನನ್ನ ಕರೆಯೋಕೆ ಬರೋಳು. ಹೊರಗೇ ನಿಂತು ಕೂಗೋಳು. ಒಳಗೆ ಬಾ ಅಂತ ನಾನೂ ಒಂದ್ ಸಲಾನೂ ಕರೀಲಿಲ್ಲ. ಈಗ ಹೊಳೀತಿದೆ.

ಕಡ್ಲೆಪುರಿ:
ಅಕ್ಕ, ಪಿಂಕಿ ಬಾಸ್ ಯಾರು??

ಮೂರನೇ_ಪ್ಲೇಯರ್:
ಆ ಗೇಮಿನ ವಿಲನ್‌ಗಳು ಬೀಬಪ್, ರಾಕ್‌ಸ್ಟೆಡಿ ಹೆಸ್ರು ಬರ್ದೇ ಇದ್ದಾಗ ನಾನಿಟ್ಟ ಹೆಸ್ರು, ಬಿಡಿ. ಆ ಕಲೆಕ್ಷನ್‌ನಲ್ಲಿ ಗೇಮ್ ಅಲ್ದೆ ಹಳೇ ಡಿಸೈನ್ ಪೇಪರ್ರು, ಬಾಕ್ಸ್ ಚಿತ್ರ ಎಲ್ಲಾ ಇದೆ. ಮಾಡಿದೋರು ಡಿಜಿಟಲ್ ಎಕ್ಲಿಪ್ಸ್, ಅದೇ ವರ್ಷ ಅವ್ರು ಮಾಡಿದ ಅಟಾರಿ 50 ಇನ್ನೂ ಜೋರು. ಟೈಮ್‌ಲೈನ್ ತರ, ಇದನ್ನ ಮಾಡಿದ ಇಂಜಿನಿಯರ್ರೇ ವಿಡಿಯೋದಲ್ಲಿ ಕೂತು ಕಥೆ ಹೇಳ್ತಾರೆ, ಅಲ್ಲೇ ಬಟನ್ ಒತ್ತಿ ಆ ಗೇಮ್ ಆಡ್ಬೋದು. ನನ್ ತರ ಹಳೇ ನೆನಪೇ ಇಲ್ದಿರೋರಿಗೆ ಅದು ಬೆಸ್ಟು.

ಸೋಲ್ಡರ್_ಹೊಗೆ:
ಮೇಡಂ ಹೇಳಿದ್ದು ಸರಿ ಇದೆ, ಆದ್ರೆ ಇನ್ನೊಂದ್ ಮಾತು. ನಾವು ಆಡಿದ್ದು ಅಂತ ನೆನಪಿರೋದು ಈ ಕಲೆಕ್ಷನ್‌ಗಳಲ್ಲಿ ಯಾವತ್ತೂ ಬರಲ್ಲ, ಯಾಕಂದ್ರೆ ನಾವ್ ಆಡಿದ್ದು ಅರ್ಧಕ್ಕರ್ಧ ಡೂಪ್ಲಿಕೇಟು. ನನ್ ಕೈಗೆ ಬರ್ತಿದ್ದ ಸ್ಟ್ರೀಟ್ ಫೈಟರ್ ಬೋರ್ಡ್‌ಗಳಲ್ಲಿ ಗಾಳೀಲಿ ಹಾರ್ಕೊಂಡೇ ಹದೌಕೆನ್, ಅಂದ್ರೆ ಕೈಯಿಂದ ಹೊಮ್ಮೋ ಬೆಳಕಿನ ಉಂಡೆ, ಬಿಡ್ಬೋದಿತ್ತು, ಸ್ಟಾರ್ಟ್ ಒತ್ತಿದ್ರೆ ಫೈಟ್ ಮಧ್ಯದಲ್ಲೇ ರ್ಯೂ ಹೋಗಿ ಬ್ಲಾಂಕಾ ಬರೋನು. ಅದು ರೇನ್‌ಬೋ ಎಡಿಷನ್ ಅಂತ ಕಳ್ಳ ವರ್ಷನ್ನು. ಅದು ಓಡ್ತಿದ್ದ ರೇಂಜ್ ನೋಡಿ ಕ್ಯಾಪ್ಕಾಂ ತಾನೂ ಸ್ಪೀಡ್ ಹೆಚ್ಚಿಸಿ 1992ರಲ್ಲಿ ಹೈಪರ್ ಫೈಟಿಂಗ್ ಬಿಡ್ತು ಅಂತ ಹೇಳ್ತಾರೆ. 2018ರ ಸ್ಟ್ರೀಟ್ ಫೈಟರ್ 30ನೇ ವರ್ಷದ ಕಲೆಕ್ಷನ್ ತಗೊಂಡ್ರೆ 12 ಗೇಮೂ ಅಸಲಿ, ನಮ್ ಹುಡ್ಗ ಆಡಿ "ಇದ್ರಲ್ಲಿ ಗಾಳೀಲಿ ಬರಲ್ವಾ ಅಪ್ಪ, ನೀನ್ ಸುಳ್ ಹೇಳ್ತಿದ್ದೆ" ಅಂದ.

ಮತ್ತೆ ಚಿಲ್ಲರೆ ಅವ್ರಿಗೆ, ಫೈನಲ್ ಫೈಟ್ ಮೂರನೇ ಸ್ಟೇಜಿಗೆ ಅಷ್ಟ್ ದಿನ ಹಿಡೀತು ಅಂದ್ರಲ್ಲ, ನಿಮ್ ತಪ್ಪಲ್ಲ ಅದು. ಬೋರ್ಡ್ ಮೇಲೆ ಪುಟ್ಟ ಡಿಪ್ ಸ್ವಿಚ್ ಇರ್ತಾವೆ, ಕಷ್ಟ ಎಷ್ಟು, ಎಷ್ಟ್ ಲೈಫು ಎಲ್ಲ ಅದ್ರಲ್ಲೇ. ಅಂಗಡಿಯವ್ರು "ಟೈಟ್ ಮಾಡ್ಕೊಡಿ ಸಾರ್, ಹುಡ್ಗ್ರು ಒಂದ್ ರೂಪಾಯಿಗೆ ಅರ್ಧ ಗಂಟೆ ಆಡ್ತಾರೆ" ಅನ್ನೋರು. ನಾನೇ ಎಷ್ಟೋ ಕಡೆ ಅತೀ ಕಷ್ಟಕ್ಕೆ ಇಟ್ಟು ಬಂದಿದೀನಿ. ರಾಜಾಜಿನಗರಾನೂ ಇತ್ತು ಅದ್ರಲ್ಲಿ. ಕ್ಷಮೆ ಇರ್ಲಿ 🙏

ಚಿಲ್ಲರೆ_ಇಲ್ಲ:
ನೀವಾ ಸಾರ್ ಅದು!! ನನ್ ಪಾಕೆಟ್ ಮನಿ ವಾಪಸ್ ಕೊಡಿ.

ಹನ್ನೊಂದನೇ_ಕ್ರಾಸ್:
ಹುಡ್ಗಂಗೆ ಕಾಯಿನ್ ಬೆಲೆ ಗೊತ್ತಾಗ್ಬೇಕು ಅಂದ್ರೆ ಹ್ಯಾಮ್‌ಸ್ಟರ್ ಕಂಪ್ನಿಯವ್ರ ಆರ್ಕೇಡ್ ಆರ್ಕೈವ್ಸ್ ನೋಡಿ, 2014ರಿಂದ ಪಿಎಸ್4ಗೆ ಬರ್ತಿದೆ, ಕಲೆಕ್ಷನ್ ಅಲ್ಲ, ಒಂದೊಂದೇ ಗೇಮ್ ಬಿಡಿಬಿಡಿಯಾಗಿ ಮಾರ್ತಾರೆ. ಅದ್ರಲ್ಲಿ ಹೈ ಸ್ಕೋರ್ ಮೋಡ್ ಅಂತ ಇದೆ, ಒಂದೇ ಕ್ರೆಡಿಟ್ಟು, ಕಂಟಿನ್ಯೂ ಇಲ್ಲ. ಕ್ಯಾರವಾನ್ ಮೋಡ್ ಐದೇ ನಿಮಿಷ, ಅಷ್ಟ್ರಲ್ಲಿ ಎಷ್ಟ್ ಸ್ಕೋರ್ ಮಾಡ್ತೀಯ ಮಾಡು. ಪ್ರಪಂಚದೋರ ಸ್ಕೋರ್ ಪಟ್ಟಿ ಪಕ್ಕದಲ್ಲೇ. ನನ್ ಪ್ರಕಾರ ದುಡ್ಡಿಲ್ದೆ ಭಯ ಹುಟ್ಸೋ ಒಂದೇ ದಾರಿ ಅದು.

ಚಿಲ್ಲರೆ_ಇಲ್ಲ:
ಅಪ್ಡೇಟ್. ಹೈ ಸ್ಕೋರ್ ಮೋಡ್ ಒಳ್ಳೇ ಐಡಿಯಾ, ಆದ್ರೆ ಅದಕ್ಕೆ ಮತ್ತೆ ಗೇಮ್ ತಗೋಬೇಕಲ್ಲ, ನಾನ್ ಬೇರೆ ದಾರಿ ಮಾಡ್ದೆ. ನಿನ್ನೆ ಒಂದ್ ಸ್ಟೀಲ್ ಬಟ್ಲಲ್ಲಿ ಐದು ಒಂದ್ರೂಪಾಯಿ ನಾಣ್ಯ ಹಾಕಿ ಟಿವಿ ಮುಂದೆ ಇಟ್ಟೆ. ಕಂಟಿನ್ಯೂ ಒತ್ತಬೇಕಂದ್ರೆ ಒಂದ್ ಎತ್ತಿ ನನ್ ಕೈಗೆ ಕೊಡ್ಬೇಕು, ಬಟ್ಲು ಖಾಲಿ ಆದ್ರೆ ಟಿವಿ ಆಫ್, ಉಳಿದಿದ್ದು ಅವ್ನದ್ದೇ. ಮೊದಲ್ನೇ ಸಲ ಮಾಮೂಲಿ ತರ ನುಗ್ಗಿ ಎರಡನೇ ಸ್ಟೇಜಲ್ಲೇ ಐದೂ ಕಳ್ಕೊಂಡ. ಮೂತಿ ಊದಿಸ್ಕೊಂಡು ಹೋದ. ಅರ್ಧ ಗಂಟೆ ಬಿಟ್ಟು ಬಂದು "ಮಾವ ನೀನ್ ಆಡು, ನಾನ್ ನೋಡ್ತೀನಿ" ಅಂದ. ಪಕ್ಕದಲ್ಲಿ ನಿಂತ್ಕೊಂಡು ಆಡೋರ ಕೈ ನೋಡೋದು! ನಾವ್ ನಿಲ್ತಿದ್ವಲ್ಲ ಹಂಗೆ. ಸೋಫಾ ಇದೆ, ಕೂತಿಲ್ಲ. ಇವತ್ತು ಮೂರನೇ ಸ್ಟೇಜಿಗೆ ಹೋದ, ಎರಡು ನಾಣ್ಯ ಉಳಿಸ್ಕೊಂಡು.

ಮೂರನೇ ಪ್ಲೇಯರ್ ಮೇಡಂ, ಭಾನುವಾರ ಅಕ್ಕ ಬರ್ತಾಳೆ. ಅವ್ಳಿಗೆ ಬಟ್ಲು ಗಿಟ್ಲು ರೂಲ್ಸ್ ಇಲ್ಲ ಅಂತ ಹುಡ್ಗಂಗೆ ಹೇಳಿಟ್ಟಿದೀನಿ, ಎಷ್ಟ್ ಬೇಕೋ ಅಷ್ಟ್ ಒತ್ಲಿ.

ಮೂರನೇ_ಪ್ಲೇಯರ್:
ರಿವೈಂಡ್ ಬಟನ್ ಎಲ್ಲಿದೆ ಅಂತ ಮೊದ್ಲೇ ತೋರ್ಸಿ. ಮತ್ತೆ ಹಿಂದೆ ನಿಂತ್ಕೊಂಡು ಆ ಕಡೆ ಹೋಗು ಈ ಕಡೆ ಹೋಗು ಅನ್ಬೇಡಿ.

ಚಿಲ್ಲರೆ_ಇಲ್ಲ:
ಸರಿ ಮೇಡಂ 😅 ಇನ್ನೊಂದ್ ವಿಷ್ಯ. ಊಟ ಮಾಡೋವಾಗ ಹುಡ್ಗಂಗೆ ಕಡ್ಲೆಪುರಿ ಬರ್ದಿದ್ದ ಲೈಟರ್ ಕಥೆ ಹೇಳ್ದೆ, ಸುಮ್ನೆ ನಗ್ಲಿ ಅಂತ. ಈಗ ಹಾಲಿಂದ ಟಕ್ ಟಕ್ ಅಂತ ಸೌಂಡ್ ಬರ್ತಿದೆ, ಅಡಿಗೆಮನೆಯಿಂದ ಅಮ್ಮ ಲೈಟರ್ ಎಲ್ಲೋ ಅಂತ ಕೂಗ್ತಿದಾರೆ.

ಸೋಲ್ಡರ್_ಹೊಗೆ:
ಮೊದ್ಲು ಹೋಗಿ ಕಿತ್ಕೊಳ್ಳಿ ಸಾರ್! ಕಂಟ್ರೋಲರ್ ಬೋರ್ಡ್ ಸುಟ್ರೆ ನನ್ ಹತ್ರ ತರ್ಬೇಡಿ, ಅದಕ್ಕೆ ಎಸ್.ಪಿ. ರೋಡಲ್ಲೂ ಪಾರ್ಟ್ ಸಿಗಲ್ಲ.